ಕೆಸರಿಗೆ ಹೆದರಿದ ತಂತಿ: ಸೈಕಲ್ ಗೇರ್ ಕೇಬಲ್ ದಾರಿ ಬದಲಿಸಿದ ಇತಿಹಾಸ

ದಿಂಡಿಗಲ್ಲಿನಿಂದ ಪಳನಿ, ಮಡತ್ತುಕುಳಂ, ಉಡುಮಲೈಪೇಟೆ, ಪೊಳ್ಳಾಚಿ, ಕೊಯಮತ್ತೂರುಗಳನ್ನು ಹಾದು, ಸತ್ಯಮಂಗಲ ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಚಾಮರಾಜನಗರದ ಮೇಲೆ ಬೆಂಗಳೂರಿಗೆ ಬರುವ ರಸ್ತೆ ಬಹುಕಾಲ ರಾಷ್ಟ್ರೀಯ ಹೆದ್ದಾರಿ 209 ಆಗಿತ್ತು. ಮಡತ್ತುಕುಳಂ ಸುತ್ತ ಅಮರಾವತಿ ನದಿಯ ನೀರುಂಡ ಭತ್ತದ ಗದ್ದೆ, ಕಬ್ಬಿನ ತೋಟ. ಉತ್ತರಕ್ಕೆ ಹೋದರೆ ಘಾಟಿಯ ಏರು. ಏರಿಗೆ ಗೇರ್ ಬೇಕು, ಗೇರಿಗೆ ಕೇಬಲ್ ಬೇಕು, ಕೇಬಲ್ಲಿಗೆ ಕೆಸರು ಆಗದು. ಈ ಜಗಳದಲ್ಲೇ ಗೇರ್ ಕೇಬಲ್ಲಿನ ಇತಿಹಾಸವಿದೆ ಎಂಬುದು ನನ್ನ ವಾದ.

ನಮ್ಮ ಸೀಮೆಯ ಕಪ್ಪು ಸೈಕಲ್ಲಿಗೆ ಈ ಜಗಳವೇ ಇರಲಿಲ್ಲ. 1949ರಲ್ಲಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್ ಸ್ಥಾಪನೆಯಾಯಿತು. ಆ ಕಾಲದ ಹರ್ಕ್ಯುಲಿಸ್ ಮಾದರಿಯ ಸೈಕಲ್ಲಿಗೆ ರಾಡ್ ಬ್ರೇಕು, ಚೈನಿಗೆ ತಗಡಿನ ಕವರು, ಒಂದೇ ಗೇರು. ಕೆಸರು ಒಳಹೊಕ್ಕು ಹಿಡಿದುಕೊಳ್ಳಲು ಕೇಬಲ್ಲೇ ಇರಲಿಲ್ಲ. ಅದನ್ನು ಹಿಂದುಳಿದ ತಂತ್ರವೆಂದು ಕರೆಯುವುದು ತಪ್ಪು. ಹೊಲದ ದಾರಿಗೆ ಅದು ಸರಿಯಾದ ಉತ್ತರವೇ ಆಗಿತ್ತು.

ಕೊಳವೆಯೊಳಗೆ ತಂತಿ ಜಾರುವ ಕೇಬಲ್ಲಿಗೆ ಅರ್ನೆಸ್ಟ್ ಬೌಡೆನ್ 1896ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದ. ಅದಾದ ಕೆಲವೇ ವರ್ಷಗಳಲ್ಲಿ ಬಂದ ಸ್ಟರ್ಮಿ-ಆರ್ಚರ್ ಮೂರು ಗೇರುಗಳು ಹಿಂದಿನ ಚಕ್ರದ ಹಬ್ಬಿನೊಳಗೆ ಮುಚ್ಚಿಕೊಂಡಿದ್ದವು. ಹೊರಗಿದ್ದದ್ದು ಪುಟ್ಟ ರಾಟೆಯ ಮೇಲೆ ಹೊರಳುವ ತಂತಿಯಷ್ಟೆ. ಚೈನನ್ನೇ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಬಂದಾಗ ಮಾತ್ರ ಯಂತ್ರ ಮಣ್ಣಿಗೆ ಮೈಯೊಡ್ಡಿತು. ಟೂರ್ ಡಿ ಫ್ರಾನ್ಸ್ 1937ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು.

ಮುಂದಿನದು ದಾರಿಯ ಪ್ರಶ್ನೆ. ಗೇರ್ ಹಿಡಿ ಫ್ರೇಮಿನ ಇಳಿಜಾರು ಬಾರಿನ ಮೇಲಿದ್ದ ಕಾಲದಲ್ಲಿ ಕೇಬಲ್ ಪೆಡಲ್ ಅಚ್ಚಿನ ಗೂಡಿನ ಮೇಲಿಂದ ಹಾಯುತ್ತಿತ್ತು. 1980ರ ದಶಕದ ಹೊತ್ತಿಗೆ ಅದು ಗೂಡಿನ ಅಡಿಗೆ, ಪ್ಲಾಸ್ಟಿಕ್ ತೋಡಿನೊಳಕ್ಕೆ ಇಳಿಯಿತು. ಡಾಂಬರಿನ ಮೇಲೆ ಇದು ಜಾಣತನ: ತಂತಿ ನೇರ, ಬಿಡಿಭಾಗ ಕಡಿಮೆ. ಆದರೆ ಮುಂದಿನ ಚಕ್ರ ಎಸೆಯುವ ಕೆಸರು ಬಂದು ಬಡಿಯುವ ಜಾಗವೂ ಅದೇ.

1984ರಲ್ಲಿ ಶಿಮಾನೊ ಕಂಪನಿ ಡ್ಯುರಾ-ಏಸ್ ಸೆಟ್ಟಿನಲ್ಲಿ 'ಟಿಕ್' ಎಂದು ಕೂರುವ ಗೇರ್ ತಂದಿತು. ಅದಕ್ಕೂ ಮುಂಚೆ ಸವಾರ ಕೈಯಂದಾಜಿನಲ್ಲಿ ಹಿಡಿಯನ್ನು ಸರಿಸುತ್ತಿದ್ದ. ಕೇಬಲ್ ಸ್ವಲ್ಪ ಬಿಗಿಯಾದರೆ ಬೆರಳೇ ಸರಿದೂಗಿಸುತ್ತಿತ್ತು. ಹೊಸ ಪದ್ಧತಿಗೆ ಆ ಕ್ಷಮೆ ಇಲ್ಲ. ಮುಂದೆ ಬಂದ ಶಿಮಾನೊದ ಹತ್ತು ಹಲ್ಲುಚಕ್ರಗಳ ರೋಡ್ ಸೆಟ್ಟಿನಲ್ಲಿ ಒಂದು ಗೇರಿಗೆ ತಂತಿ ಚಲಿಸುವುದು ಸುಮಾರು 2.3 ಮಿ.ಮೀ. ಮಾತ್ರ. ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಏರಿಸುವಾಗ ಎಳೆಯುವುದು ಬೆರಳಿನ ಬಲ. ಚಿಕ್ಕದಕ್ಕೆ ಇಳಿಸುವಾಗ ತಂತಿಯನ್ನು ಹಿಂದಕ್ಕೆಳೆಯುವುದು ಡಿರೇಲರಿನ ಸ್ಪ್ರಿಂಗ್ ಒಂದೇ. ಕೊಳವೆಯಲ್ಲಿ ಮಣ್ಣು ಸೇರಿದರೆ ಮೊದಲು ಸೋಲುವುದು ಈ ಸ್ಪ್ರಿಂಗು. ಗೇರ್ ಇಳಿಯುವಾಗ ತಡವರಿಸಿದರೆ ಮೆಕ್ಯಾನಿಕ್ ಮೊದಲು ಕೇಬಲ್ ನೋಡಬೇಕಾದದ್ದು ಇದಕ್ಕೇ.

ಪರಿಹಾರ ಬಂದದ್ದು ಮಣ್ಣಿನ ದಾರಿಯವರಿಂದ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಕೆಸರು ದಾಟುವ ಯುರೋಪಿನ ಸೈಕ್ಲೋ-ಕ್ರಾಸ್ ಸವಾರರು, ಆಮೇಲೆ 1990ರ ದಶಕದ ಮೌಂಟನ್ ಬೈಕ್ ತಯಾರಕರು ಕೇಬಲ್ಲನ್ನು ಮಕ್ಕಳನ್ನು ಕೂರಿಸಿಕೊಳ್ಳುವ ಅಡ್ಡ ಬಾರಿಗೆ ಏರಿಸಿದರು. ಪೆಡಲ್ ಬಳಿಯ ಮುಂದಿನ ಡಿರೇಲರನ್ನು ಮೇಲಿಂದ ಎಳೆಯುವಂತೆ ಮಾರ್ಪಡಿಸಿದರು. ಅಂಥ ಡಿರೇಲರ್ ಸಿಗದ ಕಡೆ ಸೀಟಿನ ಬಾರಿನ ಹಿಂದೆ ರಾಟೆ ಕಟ್ಟಿ ತಂತಿಯನ್ನು ತಿರುಗಿಸಿದರು. ಸ್ಟರ್ಮಿ-ಆರ್ಚರ್ ಕಾಲದ ರಾಟೆ ಹೀಗೆ ಮರಳಿ ಬಂತು. ಹಿಂದಿನ ಡಿರೇಲರಿಗೆ ಬಾಗಿ ಸೇರುವ ಕೊನೆಯ ತುಂಡು ಮಾತ್ರ ನೀರು, ಮಣ್ಣು ಕುಡಿಯುತ್ತಲೇ ಉಳಿಯಿತು.

2009ರಲ್ಲಿ ಶಿಮಾನೊದ ಡಿಐ2 ಉಕ್ಕಿನ ತಂತಿಯ ಜಾಗಕ್ಕೆ ವಿದ್ಯುತ್ ತಂತಿ ತಂದಿತು. ಅದರ ಬೆಲೆಯನ್ನು ನೋಡಿದರೆ ನಮ್ಮ ಹಳ್ಳಿ ದಾರಿಗೆ ಅದನ್ನು ಪರಿಹಾರವೆನ್ನಲಾಗದು. ಹಿಡಿಯಿಂದ ಹಿಂದಿನ ಡಿರೇಲರ್‌ವರೆಗೆ ಎಲ್ಲೂ ತುಂಡಾಗದ ಒಂದೇ ಔಟರ್ (ತಂತಿಯ ಹೊರಗಿನ ಕೊಳವೆ) ಹಾಕಿ, ಅದನ್ನು ಅಡ್ಡ ಬಾರಿಗೆ ಕ್ಲಿಪ್ಪಿನಿಂದ ಕಟ್ಟುವುದೇ ಗದ್ದೆ ಬಯಲಿಗೆ ತಕ್ಕ ಮಾರ್ಗ. ಉದ್ದದ ಔಟರಿನಿಂದ ಘರ್ಷಣೆ ಕೊಂಚ ಹೆಚ್ಚುತ್ತದೆ, ನಿಜ. ಆದರೆ ಮಣ್ಣು ನುಗ್ಗುವ ಬಾಯಿಗಳು ಕಡಿಮೆಯಾಗುತ್ತವೆ.

ಈ ಇತಿಹಾಸದ ಸಾಕ್ಷ್ಯ ಪುಸ್ತಕಕ್ಕಿಂತ ಹೆಚ್ಚಾಗಿ ಸವೆದ ಪ್ಲಾಸ್ಟಿಕ್ ತೋಡಿನಲ್ಲಿ, ಫ್ರೇಮಿಗೆ ಬೆಸೆದ ಕೊಕ್ಕೆಯಲ್ಲಿ, ಮೆಕ್ಯಾನಿಕ್ ಕಟ್ಟಿದ ಕ್ಲಿಪ್ಪಿನಲ್ಲಿ ಇದೆ. ಮನೆಯಲ್ಲಿ ಹಳೆಯ ಗೇರ್ ಸೈಕಲ್ ಇದ್ದವರು ಅದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಮಗುಚಿಟ್ಟು, ಕೇಬಲ್ ಹಾದ ದಾರಿಯ ಫೋಟೊ ತೆಗೆದಿಡಬೇಕೆಂದು ಕೋರುತ್ತೇನೆ.