ಯಂತ್ರಾಂಗಗಳ ನಿದ್ರೆ ಮತ್ತು ಜಾಗರಣೆ: ಡ್ರೈವರಿನ ಹೊಣೆ ಬೆಳೆದುಬಂದ ಬಗೆ

ಗಣಕದ ಒಂದು ಅಂಗಕ್ಕೆ ಹರಿಯುವ ವಿದ್ಯುತ್ತನ್ನು ಕಡಿಯುವುದಕ್ಕೆ ಅನೇಕ ವೇಳೆ ಒಂದು ರಿಜಿಸ್ಟರಿನ ಒಂದು ಬಿಟ್ಟನ್ನು ಬದಲಿಸಿದರೆ ಸಾಕು. ಆದರೆ ಆ ಕ್ಷಣದಲ್ಲಿ ಆ ಅಂಗವು ಯಾರಿಗೂ ಬೇಡವಾಗಿದೆಯೆಂದು ಬಲ್ಲವರಾರು, ಮತ್ತೆ ಎಚ್ಚತ್ತಾಗ ಅದರ ಪೂರ್ವಸ್ಥಿತಿಯನ್ನು ಅದಕ್ಕೆ ಮರಳಿ ಕೊಡತಕ್ಕವರಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಅರಸುವುದರಲ್ಲಿಯೇ ಈ ಕ್ಷೇತ್ರದ ಮೂರು ದಶಕಗಳು ಸಂದುಹೋಗಿವೆ.

1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಕೂಡಿ ಹೊರತಂದ ಎಪಿಎಂ ಎಂಬ ವಿಧಾನದಲ್ಲಿ ನಿರ್ಧಾರದ ಅಧಿಕಾರವೆಲ್ಲ ಬಹುಮಟ್ಟಿಗೆ ಯಂತ್ರದ ಫರ್ಮ್‌ವೇರಾದ ಬಯೋಸಿನ ಕೈಯಲ್ಲಿತ್ತು. ಕೀಲಿಮಣೆ ಸುಮ್ಮನಿದೆ, ಡಿಸ್ಕು ತಿರುಗುತ್ತಿಲ್ಲ ಎಂಬಷ್ಟನ್ನು ಬಯೋಸು ಅರಿಯಬಲ್ಲದಾಗಿತ್ತೇ ಹೊರತು, ಮರುಕ್ಷಣದಲ್ಲಿ ಯಾವ ಪ್ರೋಗ್ರಾಮಿಗೆ ಯಾವ ಅಂಗ ಬೇಕಾದೀತೆಂಬುದನ್ನು ಅರಿಯುವ ಮಾರ್ಗವೇ ಅದಕ್ಕಿರಲಿಲ್ಲ. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾಗಳು ಪ್ರಕಟಿಸಿದ ಎಸಿಪಿಐ ಈ ದೋಷವನ್ನು ಮೂಲದಲ್ಲಿಯೇ ತಿದ್ದಿತು. ವಿದ್ಯುತ್ತನ್ನು ಹೇಗೆ ಕಡಿಯಬೇಕೆಂಬ ಜ್ಞಾನವನ್ನು ಮದರ್‌ಬೋರ್ಡಿನ ತಯಾರಕನು ಸಾಂಕೇತಿಕ ಕೋಷ್ಟಕಗಳಲ್ಲಿ ಬರೆದಿಡುವುದು, ಯಾವಾಗ ಕಡಿಯಬೇಕೆಂಬುದನ್ನು ಆಪರೇಟಿಂಗ್ ಸಿಸ್ಟಂ ತಾನೇ ನಿಶ್ಚಯಿಸುವುದು ಎಂಬ ಈ ಶ್ರಮವಿಭಾಗವೇ, ನನ್ನ ಎಣಿಕೆಯಲ್ಲಿ, ಇಡೀ ಇತಿಹಾಸದ ಅತ್ಯಂತ ಮಹತ್ತ್ವದ ಹೆಜ್ಜೆ. ಪೂರ್ಣ ಜಾಗೃತಿಯ ಡಿ0 ಸ್ಥಿತಿಯಿಂದ ಗಾಢನಿದ್ರೆಯ ಡಿ3ರ ವರೆಗಿನ ಸೋಪಾನಗಳು ಅಂಗಗಳನ್ನು ನಡೆಸುವ ಡ್ರೈವರ್ ತಂತ್ರಾಂಶಗಳಿಗೆ ಸಾಮಾನ್ಯ ಪರಿಭಾಷೆಯಾದುದು ಇದರಿಂದಲೇ.

2003ರ ಅಂತ್ಯದಲ್ಲಿ ಬಂದ ಲಿನಕ್ಸ್ 2.6 ಕರ್ನಲು ಎಲ್ಲ ಅಂಗಗಳನ್ನೂ ಒಂದೇ ವಂಶವೃಕ್ಷದಲ್ಲಿ ಜೋಡಿಸಿ, ಮಕ್ಕಳು ಮಲಗಿದ ಮೇಲೆಯೇ ತಂದೆ ಮಲಗತಕ್ಕದ್ದು, ಏಳುವಾಗ ತಂದೆಯೇ ಮೊದಲು ಏಳತಕ್ಕದ್ದು ಎಂಬ ಕ್ರಮವನ್ನು ವಿಧಿಸಿತು. ಆದರೆ ಅದು ಮುಖ್ಯವಾಗಿ ಇಡೀ ಯಂತ್ರವು ಒಮ್ಮೆಲೇ ಮಲಗುವ ಸಂದರ್ಭಕ್ಕಾಗಿ ರೂಪಿಸಿದ್ದು. ಕೈಯಲ್ಲಿ ಹಿಡಿಯುವ ಫೋನುಗಳು ಬಂದಾಗ, ಯಂತ್ರವು ಎಚ್ಚರವಾಗಿದ್ದಂತೆಯೇ ಅದರ ಒಂದೊಂದು ಅಂಗವೂ ತನ್ನ ಪಾಡಿಗೆ ಮಲಗಿ ಏಳುವುದು ಅನಿವಾರ್ಯವಾಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಒಮ್ಯಾಪ್ ಚಿಪ್ಪುಗಳಲ್ಲಿ ಬೇರೆಬೇರೆಯಾಗಿ ಆರಿಸಬಹುದಾದ ವಿದ್ಯುತ್ ವಲಯಗಳಿದ್ದುವು. ಅವಕ್ಕೆ ಬೇಕಾದ ಲಿನಕ್ಸ್ ಬೆಂಬಲವನ್ನು ಬರೆದವರಲ್ಲಿ, 1985ರಿಂದ ನಮ್ಮ ಬೆಂಗಳೂರಿನಲ್ಲಿ ನೆಲೆಸಿರುವ ಆ ಸಂಸ್ಥೆಯ ಶಾಖೆಯ ಎಂಜಿನಿಯರರೂ ಇದ್ದರೆಂಬುದು ಹೆಮ್ಮೆಯ ವಿಷಯ.

ರಫಾಯೆಲ್ ವಿಸೋಟ್ಸ್ಕಿ ಅವರು ರಚಿಸಿ, 2009ರ ಡಿಸೆಂಬರಿನ 2.6.32 ಆವೃತ್ತಿಯಲ್ಲಿ ಸೇರಿದ ರನ್‌ಟೈಂ ಪಿಎಂ ಈ ಅಗತ್ಯಕ್ಕೆ ಸಾಮಾನ್ಯ ಚೌಕಟ್ಟನ್ನು ಒದಗಿಸಿತು. ಅದರ ಹೃದಯಸ್ಥಾನದಲ್ಲಿರುವುದು ಬಳಕೆಯ ಎಣಿಕೆ. ಅಂಗವು ಬೇಕಾದವನು ಎಣಿಕೆಯನ್ನು ಒಂದು ಏರಿಸುತ್ತಾನೆ, ಕೆಲಸ ತೀರಿದವನು ಒಂದು ಇಳಿಸುತ್ತಾನೆ. ಅದು ಸೊನ್ನೆಗೆ ಬಂದು, ಎಚ್ಚರವಾಗಿರುವ ಮಕ್ಕಳೂ ಇಲ್ಲವಾದಾಗ ಅಂಗವು ಮಲಗಲು ಅರ್ಹವಾಗುತ್ತದೆ. ಕ್ಷಣಕ್ಷಣಕ್ಕೂ ಮಲಗಿ ಏಳುವ ವ್ಯರ್ಥ ಶ್ರಮವನ್ನು ತಪ್ಪಿಸಲು ಕೊಂಚ ಕಾಯುವ ಏರ್ಪಾಡೂ ಮುಂದೆ ಬಂದಿತು. ಹೊರನೋಟಕ್ಕೆ ಸರಳವಾದ ಈ ವ್ಯವಸ್ಥೆಯಲ್ಲಿ ಡ್ರೈವರ್ ಬರೆಯುವವನು ಎದುರಿಸುವ ಸಂಕಟಗಳು ಸೂಕ್ಷ್ಮವಾದವು. ಒಂದೇ ಇಂಟರಪ್ಟ್ ತಂತಿಯನ್ನು ಇಬ್ಬರು ಹಂಚಿಕೊಂಡಿದ್ದು, ಮಲಗಿರುವ ಅಂಗದ ಡ್ರೈವರು ಪಕ್ಕದವನ ಕರೆಯನ್ನು ತನ್ನದೇ ಇರಬಹುದೆಂದು ತನ್ನ ರಿಜಿಸ್ಟರನ್ನು ಓದಹೋದರೆ, ಪಿಸಿಐ ಮಾರ್ಗದಲ್ಲಿ ಬಿಟ್ಟುಗಳೆಲ್ಲ ಒಂದಾಗಿರುವ ಸುಳ್ಳು ಉತ್ತರ ಬರುತ್ತದೆ. ಕೆಲವು ಆರ್ಮ್ ಚಿಪ್ಪುಗಳಲ್ಲಂತೂ ಬಸ್ಸಿನ ದೋಷವುಂಟಾಗಿ ಇಡೀ ಕರ್ನಲೇ ಕುಸಿಯುತ್ತದೆ. ಕ್ಲಾಕನ್ನು ಮಾತ್ರ ನಿಲ್ಲಿಸಿದರೆ ರಿಜಿಸ್ಟರುಗಳಲ್ಲಿದ್ದುದು ಉಳಿಯುತ್ತದೆ. ವಿದ್ಯುತ್ತನ್ನೇ ಕಡಿದರೆ, ಅದನ್ನು ಉಳಿಸಿಕೊಳ್ಳುವ ವಿಶೇಷ ಏರ್ಪಾಡು ಚಿಪ್ಪಿನಲ್ಲಿಯೇ ಇಲ್ಲದಿದ್ದರೆ, ಎಲ್ಲವೂ ಅಳಿಸಿಹೋಗುತ್ತದೆ, ಮತ್ತು ಅದನ್ನು ಮುಂಚಿತವಾಗಿ ಉಳಿಸಿಕೊಂಡು ಮರಳಿ ತುಂಬುವ ಭಾರ ಬೀಳುವುದು ಡ್ರೈವರಿನ ಮೇಲೆಯೇ.

ಡ್ರೈವರಿನ ಕೆಲಸದ ಒಂದೊಂದು ಭಾಗವನ್ನು ಸಾಮಾನ್ಯ ಚೌಕಟ್ಟುಗಳಿಗೆ ವಹಿಸುವ ಕ್ರಮವೂ ಜೊತೆಯಲ್ಲಿಯೇ ನಡೆದಿತ್ತು: ವೋಲ್ಟೇಜನ್ನು ನಿಯಂತ್ರಿಸುವ ರೆಗ್ಯುಲೇಟರುಗಳ ಚೌಕಟ್ಟು 2008ರಲ್ಲಿ, ವಿದ್ಯುತ್ ವಲಯಗಳದು 2011ರಲ್ಲಿ, ಕ್ಲಾಕುಗಳದು 2012ರಲ್ಲಿ ಕರ್ನಲನ್ನು ಸೇರಿದುವು. ವಿಂಡೋಸಿನಲ್ಲಿಯೂ ಹಾದಿ ಇದೇ: ಮೊದಲು ಪ್ರತಿಯೊಂದು ಡ್ರೈವರೂ ತಾನೇ ನಿರ್ವಹಿಸುತ್ತಿದ್ದ ಜಟಿಲ ಸ್ಥಿತ್ಯಂತರಗಳ ಬಹುಭಾಗವನ್ನು ಕೆಎಂಡಿಎಫ್ ಚೌಕಟ್ಟು ವಹಿಸಿಕೊಂಡಿತು, 2012ರ ವಿಂಡೋಸ್ 8 ಒಂದೇ ಅಂಗದ ಒಳಭಾಗಗಳನ್ನೂ ಪ್ರತ್ಯೇಕವಾಗಿ ಮಲಗಿಸುವ ಅವಕಾಶವನ್ನು ಕೊಟ್ಟಿತು.

ಎರಡು ಗ್ರಾಫಿಕ್ಸ್ ಚಿಪ್ಪುಗಳುಳ್ಳ ಲ್ಯಾಪ್‌ಟಾಪುಗಳು ಒಡ್ಡಿದ ಪರೀಕ್ಷೆ ಇನ್ನೂ ಕಠಿನ. 2010ರಲ್ಲಿ ಡೇವ್ ಏರ್ಲಿ ಅವರ ‘ವಿಜಿಎ ಸ್ವಿಚರೂ’ ಎಂಬ ವ್ಯವಸ್ಥೆ ಬಂದಾಗ, ಬೇಡದ ಚಿಪ್ಪನ್ನು ಆರಿಸಲು ಬಳಕೆದಾರನೇ ಒಂದು ಕಡತಕ್ಕೆ ಆಜ್ಞೆಯನ್ನು ಬರೆಯಬೇಕಾಗಿತ್ತು. 2013ರ ಸುಮಾರಿಗೆ ರನ್‌ಟೈಂ ಪಿಎಂ ಆ ಕಾರ್ಯವನ್ನು ತಾನಾಗಿ ಮಾಡತೊಡಗಿತು. ಆದರೂ ಆ ಚಿಪ್ಪಿನಲ್ಲಿಯೇ ಇರುವ, ಎಚ್‌ಡಿಎಂಐ ಮೂಲಕ ಧ್ವನಿಯನ್ನು ಕಳುಹುವ ಭಾಗವು ಗ್ರಾಫಿಕ್ಸ್ ಭಾಗವನ್ನು ಅವಲಂಬಿಸಿದ್ದರೂ ಅದರ ಮಗುವಲ್ಲ, ಸೋದರ. ವಂಶವೃಕ್ಷದ ನಿಯಮಕ್ಕೆ ನಿಲುಕದ ಇಂಥ ಅವಲಂಬನೆಗಳಿಗಾಗಿ 2017ರ 4.10 ಆವೃತ್ತಿಯಲ್ಲಿ ಡಿವೈಸ್ ಲಿಂಕುಗಳನ್ನು ತರಬೇಕಾಯಿತು.

ಇಂದಿನ ಲ್ಯಾಪ್‌ಟಾಪುಗಳಲ್ಲಿ ಹಲವು, ಮುಚ್ಚಳವಿಳಿಸಿದಾಗ ಫರ್ಮ್‌ವೇರಿಗೆ ಅಧಿಕಾರವನ್ನು ಒಪ್ಪಿಸದೆ, ಎಲ್ಲ ಅಂಗಗಳನ್ನೂ ಒಂದೊಂದಾಗಿ ಮಲಗಿಸಿ ಪ್ರೊಸೆಸರನ್ನು ಸುಮ್ಮನಿರಿಸುವ ವಿಧಾನವನ್ನೇ ಅನುಸರಿಸುತ್ತವೆ. ಅಲ್ಲಿ ಒಂದೇ ಒಂದು ಡ್ರೈವರು ತನ್ನ ಅಂಗವನ್ನು ಸರಿಯಾಗಿ ಮಲಗಿಸದಿದ್ದರೂ ಇಡೀ ಚಿಪ್ಪು ಆಳವಾದ ನಿದ್ರೆಗಿಳಿಯದೆ, ಬೆಳಗಾಗುವುದರೊಳಗೆ ಬ್ಯಾಟರಿ ಬರಿದಾಗಬಹುದು. ಆದುದರಿಂದಲೇ ಪ್ರತಿಯೊಂದು ಅಂಗವೂ ಎಷ್ಟು ಕಾಲ ಎಚ್ಚರವಾಗಿತ್ತು, ಎಷ್ಟು ಕಾಲ ಮಲಗಿತ್ತು ಎಂಬ ಲೆಕ್ಕವನ್ನು ಕರ್ನಲು ಸಿಸ್‌ಎಫ್‌ಎಸ್‌ನ ಕಡತಗಳಲ್ಲಿ ಬಹಿರಂಗವಾಗಿ ಇರಿಸಿದೆ.