‘ಶೇಕ್’ ಎಂದರೆ ಶಾಖವೇ? ರೇಡಿಯೇಷನ್ ಚಿಕಿತ್ಸೆಯಲ್ಲಿ ಹೊಸತೇನು

ಮುಂಬೈಯಲ್ಲಿ ಕ್ಯಾನ್ಸರ್‌ಗೆ ಕೊಡುವ ರೇಡಿಯೇಷನ್ ಚಿಕಿತ್ಸೆಯನ್ನು ಮರಾಠಿಯವರು ‘ಶೇಕ್’ ಎನ್ನುತ್ತಾರೆ, ಹಿಂದಿಯವರು ‘ಸಿಕಾಯಿ’ ಎನ್ನುತ್ತಾರೆ. ಎರಡಕ್ಕೂ ಅರ್ಥ ಶಾಖ ಕೊಡುವುದು. ನಮ್ಮ ಕಡೆ ‘ಕರೆಂಟ್ ಕೊಡಿಸುವುದು’ ಎಂಬ ಮಾತಿದೆ. ಆದರೆ ಈ ಚಿಕಿತ್ಸೆಯಲ್ಲಿ ಮೈಗೆ ಶಾಖವೂ ತಗಲುವುದಿಲ್ಲ, ಕರೆಂಟೂ ಹರಿಯುವುದಿಲ್ಲ. ಲಿನಾಕ್ ಎಂಬ ಯಂತ್ರದಿಂದ ಬರುವ ಹೆಚ್ಚು ಶಕ್ತಿಯ ಎಕ್ಸ್‌–ರೇ ಕಿರಣಗಳು ಗಡ್ಡೆಯ ಜೀವಕೋಶಗಳ ಡಿಎನ್‌ಎಯನ್ನು ತುಂಡರಿಸುತ್ತವೆ. ರೋಗಿ ಕೆಲವು ನಿಮಿಷ ಅಲುಗಾಡದೆ ಮಲಗಿದ್ದರೆ ಸಾಕು, ಏನೂ ಗೊತ್ತಾಗುವುದಿಲ್ಲ. ಹೊರಗಿನಿಂದ ಕಿರಣ ಕೊಟ್ಟಾಗ ರೋಗಿಯ ದೇಹದಲ್ಲಿ ವಿಕಿರಣ ಉಳಿಯುವುದಿಲ್ಲ. ಹಾಗಾಗಿ ಮನೆಯಲ್ಲಿ ಮಕ್ಕಳನ್ನು ದೂರ ಇಡಬೇಕಾಗಿಲ್ಲ.

ಹೆಸರಿನ ಗೊಂದಲದಿಂದ ಒಂದು ತೊಂದರೆಯಾಗುವುದುಂಟು. ‘ಶೇಕ್’ ಎಂದು ಕೇಳಿದ ಮನೆಯವರು ಒಳ್ಳೆಯದಾಗಲಿ ಎಂದು ನೋವಿರುವ ಜಾಗಕ್ಕೆ ಬಿಸಿನೀರಿನ ಚೀಲ ಇಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಕಿರಣ ಬೀಳುವ ಜಾಗದ ಚರ್ಮ ಎರಡು ಮೂರು ವಾರಗಳಲ್ಲಿ ಕಪ್ಪಾಗಿ ಸೂಕ್ಷ್ಮವಾಗುತ್ತದೆ. ಅಲ್ಲಿ ಬಿಸಿಯನ್ನಾಗಲಿ ಐಸ್ ಅನ್ನಾಗಲಿ ಇಡಬಾರದು.

ನಿಜವಾಗಿಯೂ ಶಾಖ ಕೊಡುವ ಚಿಕಿತ್ಸೆ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳಲೇಬೇಕು. ರೇಡಿಯೇಷನ್ ಜೊತೆಗೆ ಗಡ್ಡೆಯನ್ನು ನಿಜವಾಗಿಯೇ ಬಿಸಿ ಮಾಡುವ ವಿಧಾನವೊಂದಿದೆ. ಅದರ ಹೆಸರು ಹೈಪರ್‌ಥರ್ಮಿಯಾ. ನಮ್ಮ ದೇಶದಲ್ಲಿ ಅದರ ಮೇಲೆ ಗಂಭೀರವಾಗಿ ಕೆಲಸ ನಡೆದ ಜಾಗಗಳಲ್ಲಿ ವಿಲೆ ಪಾರ್ಲೆ ಪಶ್ಚಿಮದ ನಾನಾವತಿ ಆಸ್ಪತ್ರೆಯೂ ಒಂದು.

ರೇಡಿಯೋ ತರಂಗ ಅಥವಾ ಮೈಕ್ರೋವೇವ್ ಬಳಸಿ ಗಡ್ಡೆಯ ಭಾಗವನ್ನು 40ರಿಂದ 43 ಡಿಗ್ರಿ ಸೆಲ್ಸಿಯಸ್‌ವರೆಗೆ, ಸಾಮಾನ್ಯವಾಗಿ ಸುಮಾರು ಒಂದು ಗಂಟೆ ಕಾಲ ಬಿಸಿ ಮಾಡಲಾಗುತ್ತದೆ. ವಾರಕ್ಕೆ ಒಂದೆರಡು ಸಲ, ಕಿರಣ ಕೊಡುವ ಮೊದಲು ಅಥವಾ ನಂತರ. ಇಷ್ಟು ಬಿಸಿಗೆ ಗಡ್ಡೆ ಸುಟ್ಟುಹೋಗುವುದಿಲ್ಲ, ಸುಡುವುದು ಉದ್ದೇಶವೂ ಅಲ್ಲ. ದೊಡ್ಡ ಗಡ್ಡೆಯ ಒಳಭಾಗಕ್ಕೆ ರಕ್ತ ಸರಿಯಾಗಿ ತಲುಪದೆ ಆಮ್ಲಜನಕ ಕಡಿಮೆ ಇರುತ್ತದೆ, ಅಂಥ ಜೀವಕೋಶಗಳು ಕಿರಣಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಬಿಸಿಯಿಂದ ರಕ್ತದ ಹರಿವು ಹೆಚ್ಚುತ್ತದೆ. ಜೊತೆಗೆ, ಕಿರಣದಿಂದ ತುಂಡಾದ ಡಿಎನ್‌ಎಯನ್ನು ಜೀವಕೋಶ ತಾನೇ ರಿಪೇರಿ ಮಾಡಿಕೊಳ್ಳುವ ಕೆಲಸಕ್ಕೆ ಬಿಸಿ ಅಡ್ಡಿಯಾಗುತ್ತದೆ. ಅಂದರೆ ಕೆಲಸ ಮಾಡುವುದು ಕಿರಣವೇ, ಶಾಖ ಅದಕ್ಕೆ ದಾರಿ ಮಾಡಿಕೊಡುತ್ತದೆ.

ನಾನಾವತಿಯ ಡಾ. ನಾಗರಾಜ ಹುಯಿಲಗೋಳ ಮತ್ತು ಸಂಗಡಿಗರು ತಲೆ–ಕುತ್ತಿಗೆಯ ಕ್ಯಾನ್ಸರ್ ಮುಂದುವರಿದಿದ್ದ ಐವತ್ತಕ್ಕೂ ಸ್ವಲ್ಪ ಹೆಚ್ಚು ರೋಗಿಗಳ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ರೇಡಿಯೇಷನ್ ಮಾತ್ರ ಪಡೆದವರಲ್ಲಿ ಸುಮಾರು ಶೇ 42ರಷ್ಟು ಮಂದಿಗೆ ಗಡ್ಡೆ ಪೂರ್ತಿ ಕರಗಿತ್ತು, ಶಾಖವನ್ನೂ ಸೇರಿಸಿದವರಲ್ಲಿ ಸುಮಾರು ಶೇ 79ರಷ್ಟು ಮಂದಿಗೆ. ಸಂಖ್ಯೆ ನೋಡಿದರೆ ಆಸೆ ಹುಟ್ಟುವುದು ಸಹಜ. ಆದರೆ ಗಡ್ಡೆ ಕರಗುವುದೇ ಬೇರೆ, ರೋಗ ಮರಳದೆ ಬಹುಕಾಲ ಬದುಕುವುದೇ ಬೇರೆ. ಇದು ಒಂದೇ ಆಸ್ಪತ್ರೆಯ ಚಿಕ್ಕ ಅಧ್ಯಯನ. ಅಲ್ಲದೆ ಈಗ ಇಂಥ ರೋಗಿಗಳಿಗೆ, ದೇಹ ತಡೆದುಕೊಳ್ಳುವಂತಿದ್ದರೆ, ರೇಡಿಯೇಷನ್ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಕೊಡುವುದು ರೂಢಿ. ಅದರ ಮೇಲೂ ಶಾಖ ಎಷ್ಟು ಲಾಭ ತರುತ್ತದೆ ಎಂಬುದನ್ನು ಈ ಅಧ್ಯಯನ ಹೇಳುವುದಿಲ್ಲ.

ನೆದರ್ಲೆಂಡ್ಸ್‌ನ ಅನುಭವವೂ ಇದೇ ಬಗೆಯದು. ಮುಂದುವರಿದ ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಮೂರು ವರ್ಷಗಳ ಬಳಿಕ ಬದುಕುಳಿದವರು ರೇಡಿಯೇಷನ್ ಮಾತ್ರ ಪಡೆದವರಲ್ಲಿ ಶೇ 27, ಶಾಖವನ್ನೂ ಪಡೆದವರಲ್ಲಿ ಶೇ 51 ಎಂದು 2000ದಲ್ಲಿ ವರದಿಯಾಯಿತು. ಅಷ್ಟರಲ್ಲಿ ಆ ರೋಗಕ್ಕೂ ಕೀಮೋ ಸೇರಿಸಿದ ರೇಡಿಯೇಷನ್ ಬಂದಿತ್ತು. ಹೀಗಾಗಿ ಹೈಪರ್‌ಥರ್ಮಿಯಾ ಎಲ್ಲ ಕಡೆ ಹರಡಲಿಲ್ಲ. ಆಳದಲ್ಲಿರುವ ಗಡ್ಡೆಯನ್ನು ಎಲ್ಲ ಕಡೆ ಒಂದೇ ಸಮ ಬಿಸಿ ಮಾಡುವುದೂ ಆ ಬಿಸಿಯನ್ನು ಅಳೆಯುವುದೂ ಕಷ್ಟದ ಕೆಲಸ. ಚರ್ಮಕ್ಕೆ, ಕೊಬ್ಬಿಗೆ ಸುಟ್ಟಗಾಯವಾಗಬಹುದು. ಪೇಸ್‌ಮೇಕರ್ ಇದ್ದವರಿಗೆ ಇದು ಆಗದು, ಆ ಭಾಗದಲ್ಲಿ ಲೋಹದ ರಾಡ್ ಅಥವಾ ಪ್ಲೇಟ್ ಇದ್ದರೆ ಮೊದಲೇ ತಿಳಿಸಬೇಕು.

‘ಕೀಮೋ ಬೇಡ, ರೇಡಿಯೇಷನ್ ಬೇಡ, ಶಾಖ ಒಂದೇ ಸಾಕು’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಮೇಲೆ ಹೇಳಿದ ಎರಡು ಅಧ್ಯಯನಗಳಲ್ಲೂ ಶಾಖವನ್ನು ಕೊಟ್ಟದ್ದು ರೇಡಿಯೇಷನ್ ಜೊತೆಗೇ.

ಉಳಿದ ಹೊಸ ವಿಧಾನಗಳು

ರೋಗಿಯ ದಿನನಿತ್ಯಕ್ಕೆ ಹೆಚ್ಚು ವ್ಯತ್ಯಾಸ ಮಾಡಿರುವುದು ಹೊಸ ಯಂತ್ರಕ್ಕಿಂತ ಹೊಸ ಲೆಕ್ಕ. ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಹಿಂದೆ ಐದು ವಾರ ರೇಡಿಯೇಷನ್ ಕೊಡುತ್ತಿದ್ದರು, ನಂತರ ಅದು ಮೂರು ವಾರಕ್ಕೆ ಇಳಿಯಿತು. ಆರಂಭದ ಹಂತದ ರೋಗದಲ್ಲಿ ಒಂದೇ ವಾರದಲ್ಲಿ ಐದು ಸಲ ಕೊಟ್ಟರೂ ರೋಗ ಮರಳುವ ಪ್ರಮಾಣ ಹೆಚ್ಚಾಗುವುದಿಲ್ಲ ಎಂದು ಬ್ರಿಟನ್ನಿನ ಫಾಸ್ಟ್–ಫಾರ್ವರ್ಡ್ ಅಧ್ಯಯನ 2020ರಲ್ಲಿ ತೋರಿಸಿತು. ವಿರಾರ್‌ನಿಂದ ದಿನಾ ಲೋಕಲ್ ರೈಲು ಹತ್ತಿ ಬರುವವರಿಗೆ ಇದರ ಬೆಲೆ ಗೊತ್ತು. ಎಲ್ಲರಿಗೂ ಇದು ಹೊಂದುವುದಿಲ್ಲ. ನಿಮ್ಮ ವಿಷಯದಲ್ಲಿ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ, ಕೇಳಲು ಸಂಕೋಚ ಬೇಡ.

ಪ್ರೋಟಾನ್ ಕಿರಣ ಗಡ್ಡೆಯವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ, ಅದರಾಚೆಯ ಅಂಗಕ್ಕೆ ಬಹುತೇಕ ತಗಲುವುದಿಲ್ಲ. ಮಕ್ಕಳಿಗೆ, ತಲೆಬುರುಡೆಯ ಬುಡದ ಗಡ್ಡೆಗಳಿಗೆ ಇದರಿಂದ ಹೆಚ್ಚು ಪ್ರಯೋಜನ. ಚೆನ್ನೈನ ಅಪೋಲೋದಲ್ಲಿ 2019ರಿಂದ, ನವಿ ಮುಂಬೈನ ಖಾರ್ಘರ್‌ನಲ್ಲಿರುವ ಟಾಟಾ ಮೆಮೋರಿಯಲ್ ಕೇಂದ್ರದಲ್ಲಿ 2023ರಿಂದ ಈ ಚಿಕಿತ್ಸೆ ಇದೆ. ಪ್ರೋಟಾನ್ ಸಿಗಲಿಲ್ಲ ಎಂದು ಕೊರಗುವ ಅಗತ್ಯ ಬಹಳ ಮಂದಿಗೆ ಇಲ್ಲ, ಹೆಚ್ಚಿನ ಕ್ಯಾನ್ಸರ್‌ಗಳಿಗೆ ಐಎಂಆರ್‌ಟಿಯಂಥ ಲಿನಾಕ್ ಚಿಕಿತ್ಸೆಯೇ ಸಾಕಾಗುತ್ತದೆ. ಗಂಟಲಿನ ಕ್ಯಾನ್ಸರ್‌ನಲ್ಲಿ ಜೊಲ್ಲುಗ್ರಂಥಿಯನ್ನು ಉಳಿಸಿ ಬಾಯಿ ಒಣಗುವುದನ್ನು ಕಡಿಮೆ ಮಾಡಿದ್ದು ಐಎಂಆರ್‌ಟಿಯೇ.

ಫ್ಲ್ಯಾಶ್ ಎಂಬ ಹೆಸರನ್ನೂ ನೀವು ಕೇಳಿರಬಹುದು. ಇಡೀ ಡೋಸನ್ನು ಒಂದು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಕೊಡುವ ವಿಧಾನ ಇದು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಮೊದಲ ರೋಗಿಗೆ ಕೊಟ್ಟ ವರದಿ 2019ರಲ್ಲಿ ಬಂತು. ಇನ್ನೂ ಪ್ರಯೋಗದ ಹಂತದಲ್ಲಿದೆ, ಅದಕ್ಕಾಗಿ ಈಗಿನ ಚಿಕಿತ್ಸೆಯನ್ನು ಮುಂದೂಡಬಾರದು.

ದಿನ ತಪ್ಪಿಸಬೇಡಿ

ಯಾವ ಯಂತ್ರವಾದರೂ ಸರಿ, ನಡುವೆ ದಿನಗಳು ತಪ್ಪಿದರೆ ಗಡ್ಡೆ ಮತ್ತೆ ಬೆಳೆಯಲು ಅವಕಾಶ ಸಿಗುತ್ತದೆ. ತಲೆ–ಕುತ್ತಿಗೆಯ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ ಒಂದು ದಿನ ಉದ್ದವಾದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಶೇ 1ರಷ್ಟಾದರೂ ಇಳಿಯುತ್ತದೆ ಎಂಬುದು ತಜ್ಞರ ಅಂದಾಜು. ಜೂನ್–ಜುಲೈ ಮಳೆಗೆ ರೈಲು ನಿಂತಿತು, ಜ್ವರ ಬಂತು, ಊರಿನಲ್ಲಿ ಮದುವೆ ಇತ್ತು: ಕಾರಣ ಏನೇ ಇರಲಿ, ಅಂದೇ ವಿಭಾಗಕ್ಕೆ ಫೋನ್ ಮಾಡಿ. ತಪ್ಪಿದ ದಿನವನ್ನು ಶನಿವಾರ ಸರಿದೂಗಿಸಬಹುದು, ಇಲ್ಲವೇ ಒಂದೇ ದಿನ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಕೊಡಬಹುದು. ಅದನ್ನು ನಿರ್ಧರಿಸುವುದು ಡಾಕ್ಟರು. ಅವರಿಗೆ ಗೊತ್ತಾಗುವುದು ನೀವು ತಿಳಿಸಿದರೆ ಮಾತ್ರ.