ಕೂಲಿಮಠದ ಒಂದು ದಿನ

‘ಎಲ್ಲಿ, ಅ ಆ ಇ ಈ ಹೇಳು ನೋಡೋಣ’ ಎಂದು ಕೇಳಿದರೆ ಒಂದನೇ ತರಗತಿಯ ಮೊಮ್ಮಗ ‘ರ ಗ ಸ ದ ಅ’ ಎಂದು ಶುರು ಮಾಡುತ್ತಾನೆ. ಅಜ್ಜನಿಗೆ ಗಾಬರಿಯಾಗದೆ ಇರುತ್ತದೆಯೇ? ‘ನಲಿ-ಕಲಿ’ ಪದ್ಧತಿ ಬಂದ ಮೇಲೆ ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯಂಥ ಹೋಬಳಿ ಊರುಗಳಿಂದ ಹಿಡಿದು ಪೇಟೆಯವರೆಗೆ ಹಿರಿಯರದು ಇದೇ ತಕರಾರು. ಅಕ್ಷರಮಾಲೆಯ ಕ್ರಮ ತಪ್ಪಿಸಿದ್ದಾರೆ, ತರಗತಿಗಳನ್ನು ಬೆರೆಸಿ ಕೂರಿಸಿದ್ದಾರೆ, ಮಕ್ಕಳೇ ಮಕ್ಕಳಿಗೆ ಹೇಳಿಕೊಡಬೇಕಂತೆ, ಹಾಗಾದರೆ ಮೇಷ್ಟ್ರು ಇರುವುದೇತಕ್ಕೆ?

ಸ್ವಾರಸ್ಯವೆಂದರೆ, ಹೀಗೆ ದೂರುವ ಅಜ್ಜನ ಮುತ್ತಜ್ಜ ಅಕ್ಷರ ಕಲಿತಿದ್ದರೆ, ಬಹುಮಟ್ಟಿಗೆ ಹೀಗೆಯೇ ಕಲಿತಿರಬೇಕು. ಆಗಿನ ಶಾಲೆಯ ಹೆಸರು ಕೂಲಿಮಠ. ಊರಿನ ಗುಡಿಯಲ್ಲೋ ಯಾರದೋ ಮನೆಯ ಜಗಲಿಯ ಮೇಲೋ ಐಗಳು ನಡೆಸುತ್ತಿದ್ದ ಪಾಠಶಾಲೆ ಅದು. ಸರ್ಕಾರದ ಸಂಬಳವಿಲ್ಲ. ಮಕ್ಕಳ ಮನೆಯವರು ಕೊಟ್ಟ ಕಾಸು, ಕಾಳುಕಡ್ಡಿಯೇ ಐಗಳ ಜೀವನ.

ಈ ಮಠಗಳ ದಿನಚರಿಯನ್ನು ಕಣ್ಣಿಗೆ ಕಟ್ಟುವಂತೆ ಬರೆದಿಟ್ಟವನು ಒಬ್ಬ ಇಂಗ್ಲಿಷ್ ಅಧಿಕಾರಿ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಕಲೆಕ್ಟರುಗಳಿಗೆ ದೇಶೀ ಶಾಲೆಗಳ ಲೆಕ್ಕ ಕೊಡಲು ಹೇಳಿದ. ಬಳ್ಳಾರಿ ಆಗ ಮದರಾಸು ಆಧಿಪತ್ಯದಲ್ಲಿತ್ತು. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಬರೆದ ವರದಿಯ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಅಂದರೆ ಒಂದೊಂದು ಮಠದಲ್ಲಿ ಹನ್ನೆರಡು-ಹದಿಮೂರು ಮಕ್ಕಳು. ಇವುಗಳಲ್ಲಿ 235 ಕನ್ನಡ ಶಾಲೆಗಳು.

ಬೆಳಿಗ್ಗೆ ಆರು ಗಂಟೆಗೆ ಮಠ ಆರಂಭ. ಮೊದಲು ಬಂದವನ ಅಂಗೈ ಮೇಲೆ ಐಗಳು ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟಿನ ಲೆಕ್ಕ ಏರುತ್ತಿತ್ತು. ಹದಿಮೂರನೆಯವನ ಪಾಡೇನೆಂದು ಓದುಗರೇ ಲೆಕ್ಕ ಹಾಕಬಹುದು.

ಹೊಸ ಹುಡುಗ ಮೊದಲು ಅಕ್ಷರಗಳನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ನೆಲದ ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದ. ಬೆರಳು ಪಳಗಿದ ಮೇಲೆ ಓಲೆಗರಿ, ಕಾಗದ ಅಥವಾ ಹಲಗೆ, ಕಡತ. ಬಳ್ಳಾರಿ ಕಡೆ ಹೆಚ್ಚಾಗಿದ್ದುದು ಹಲಗೆ ಮತ್ತು ಕಡತಗಳೇ. ಹಲಗೆಯೆಂದರೆ ಅನ್ನ ಮತ್ತು ಇದ್ದಿಲ ಪುಡಿ ಬಳಿದ ಮರದ ಪಟ್ಟಿ. ಕಡತವೆಂದರೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು-ಅಂಟು ಬಳಿದ ಬಟ್ಟೆ. ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಿದರಾಯಿತು. ಇಂದು ಸರ್ಕಾರಿ ಕಚೇರಿಯ ಮೇಜಿನ ಮೇಲೆ ಧೂಳು ಹಿಡಿದು ಕೂರುವ ‘ಕಡತ’ದ ಹೆಸರು ಮಕ್ಕಳ ಕೈಯಲ್ಲಿ ದಿನಕ್ಕೆ ಹತ್ತು ಸಲ ಒರೆಸಿಕೊಳ್ಳುತ್ತಿದ್ದ ಈ ಬಟ್ಟೆಯ ಹೆಸರೇ.

ಕಾಗುಣಿತ, ಒತ್ತಕ್ಷರಗಳಾದ ಮೇಲೆ ಜನರ, ಊರುಗಳ, ಪ್ರಾಣಿಗಳ ಹೆಸರು. ಆಮೇಲೆ ಲೆಕ್ಕ. ಮಠದ ನಿಜವಾದ ಬಲ ಇದ್ದದ್ದು ಇಲ್ಲಿ. ಭಿನ್ನರಾಶಿಗಳು ಹತ್ತರ ಲೆಕ್ಕದಲ್ಲಿ ಅಲ್ಲ, ನಾಲ್ಕರ ಲೆಕ್ಕದಲ್ಲಿ ಇಳಿಯುತ್ತಿದ್ದವು. ಒಂದರಲ್ಲಿ ನಾಲ್ಕನೆಯ ಭಾಗ ಕಾಲು, ಅದರ ನಾಲ್ಕನೆಯ ಭಾಗ ವೀಸ. ದಿನಕ್ಕೆ ಎರಡು ಸಲ ಮಕ್ಕಳೆಲ್ಲ ಸಾಲಾಗಿ ನಿಂತು, ಹಿರಿಯ ಹುಡುಗನೊಬ್ಬ ಹೇಳಿಕೊಟ್ಟಂತೆ ಮಗ್ಗಿ, ಅಳತೆ, ತೂಕಗಳನ್ನು ಒಕ್ಕೊರಲಿನಿಂದ ಒಪ್ಪಿಸಬೇಕಿತ್ತು. ಸಂತೆಗೂ ಕಂದಾಯಕ್ಕೂ ಬೇಕಾಗಿದ್ದ ವಿದ್ಯೆ ಇದು. 1957ರಲ್ಲಿ ದಶಮಾಂಶ ನಾಣ್ಯ ಬಂದು ಹದಿನಾರಾಣೆಯ ರೂಪಾಯಿ ನೂರು ಪೈಸೆಯಾದ ಮೇಲೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳಿಗೆ ಕೆಲಸ ತಪ್ಪಿತು.

ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ಗುಂಪು ಮಾಡುತ್ತಿದ್ದರು. ಕೆಳಗಿನ ಗುಂಪುಗಳನ್ನು ದೊಡ್ಡ ಹುಡುಗರು ನೋಡಿಕೊಂಡರೆ, ಮೇಲಿನವು ಐಗಳ ಪಾಲು. ಅವರ ಕಣ್ಣು ಮಾತ್ರ ಎಲ್ಲರ ಮೇಲೆ. ಕಿರಿಯರಿಗೆ ಹೇಳಿಕೊಡುತ್ತಾ ಹಿರಿಯರ ಕಲಿಕೆಯೂ ಗಟ್ಟಿಯಾಗುತ್ತದೆಂದು ಕ್ಯಾಂಪ್‌ಬೆಲ್ ಮೆಚ್ಚಿದ್ದಾನೆ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದಿದ್ದಾನೆ. ಮಾತು ಉತ್ಪ್ರೇಕ್ಷೆಯಲ್ಲ. ಮದರಾಸಿನ ಎಗ್ಮೋರ್‌ನಲ್ಲಿ ಅನಾಥಾಲಯ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಲ್ಲಿನ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನು ತಂದಿದ್ದ. 1797ರಲ್ಲಿ ಲಂಡನ್ನಿನಲ್ಲಿ ಅವನು ಪ್ರಕಟಿಸಿದ ಪುಸ್ತಕದಿಂದ ‘ಮದರಾಸು ಪದ್ಧತಿ’ ಅಲ್ಲಿನ ಬಡಮಕ್ಕಳ ಶಾಲೆಗಳಿಗೆ ಹಬ್ಬಿತು.

ಹಾಗೆಂದು ಕೂಲಿಮಠವನ್ನು ಋಷಿಗಳ ಆಶ್ರಮವೆಂದು ಹಾಡಿ ಹೊಗಳುವವರ ಜೊತೆ ಸೇರಲು ನನಗೆ ಮನಸ್ಸಿಲ್ಲ. ಸೋಮಾರಿ ಹುಡುಗನ ಕೈಗಳನ್ನು ಕಟ್ಟಿ ಸೂರಿಗೆ ನೇತುಹಾಕುವ ಕೋದಂಡದ ಶಿಕ್ಷೆಯನ್ನೂ ಅದೇ ಕ್ಯಾಂಪ್‌ಬೆಲ್ ಬರೆದಿದ್ದಾನೆ. ಪದ್ಯಗಳು ಕಂಠಪಾಠವಾಗುತ್ತಿದ್ದವು, ಅರ್ಥ ಕೇಳುವವರು ಕಡಿಮೆ. ಆರೂವರೆ ಸಾವಿರ ಮಕ್ಕಳಲ್ಲಿ ಹೆಣ್ಣುಮಕ್ಕಳು 60. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಂತೂ ಮಠದ ಜಗಲಿ ಸಾಮಾನ್ಯವಾಗಿ ದೂರವೇ ಉಳಿದಿತ್ತು. ಒಂಬತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ಜಿಲ್ಲೆಯಲ್ಲಿ ಶಾಲೆಗೆ ಹೋಗುತ್ತಿದ್ದವರು ಏಳು ಸಾವಿರವೂ ಇರಲಿಲ್ಲ.

ಈ ಬಾಗಿಲನ್ನು ಎಲ್ಲರಿಗೂ ತೆರೆಯುವ ಹೊಣೆ ಸರ್ಕಾರಿ ಶಾಲೆಯದಾಯಿತು. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ 1868ರಲ್ಲಿ ಹೋಬಳಿ ಶಾಲೆಗಳು ಆರಂಭವಾದವು. ಹೋಬಳಿ ಎಂಬುದು ಕಂದಾಯದ ಲೆಕ್ಕದ ಜೊತೆಗೆ ಅಕ್ಷರದ ಲೆಕ್ಕಕ್ಕೂ ಬಂದದ್ದು ಹೀಗೆ. ಅಚ್ಚಾದ ಪಠ್ಯಪುಸ್ತಕ, ಹಾಜರಿ ಪುಸ್ತಕ, ಕರಿಹಲಗೆ, ವರ್ಷಕ್ಕೊಂದು ತರಗತಿ, ಆಗಾಗ ಇನ್‌ಸ್ಪೆಕ್ಟರ ಭೇಟಿ. ಒಂದು ತರಗತಿಯ ಮಕ್ಕಳೆಲ್ಲ ಒಂದೇ ದಿನ ಒಂದೇ ಪುಟ ಓದಬೇಕೆಂಬ ನಿಯಮವೂ ಜೊತೆಗೆ ಬಂತು. ಜ್ವರವೆಂದೋ ಸುಗ್ಗಿಯೆಂದೋ ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿ ಬರುವ ಹೊತ್ತಿಗೆ ಪುಸ್ತಕ ಹತ್ತು ಪುಟ ಮುಂದೆ ಹೋಗಿರುತ್ತಿತ್ತು. ಹಾಗೆ ಹಿಂದೆ ಬಿದ್ದ ಎಷ್ಟೋ ಮಕ್ಕಳು ದನ ಕಾಯಲು ಹೋದರು. ಏಕೋಪಾಧ್ಯಾಯ ಶಾಲೆಗಳಲ್ಲಿ ಮಾತ್ರ ನಾಲ್ಕನೇ ತರಗತಿಯವನು ಒಂದನೆಯವರಿಗೆ ಮಗ್ಗಿ ಹೇಳಿಕೊಡುವುದು ನಿಲ್ಲಲಿಲ್ಲ. ಅದು ಪದ್ಧತಿಯಲ್ಲ, ಮೇಷ್ಟ್ರ ಅನಿವಾರ್ಯ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಆ ಅನಿವಾರ್ಯವನ್ನೇ ಪದ್ಧತಿ ಮಾಡಿತು. ಆಂಧ್ರದ ರಿಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿಬಂದ ಶಿಕ್ಷಕರೇ ಇದನ್ನು ಕಟ್ಟಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಪಾಠವನ್ನು ಕಾರ್ಡುಗಳಾಗಿ ಒಡೆದು ಏಣಿಯ ಮೆಟ್ಟಿಲುಗಳಂತೆ ಜೋಡಿಸಲಾಯಿತು. ಮಗು ತಾನು ನಿಂತ ಮೆಟ್ಟಿಲಿನಿಂದ ಹತ್ತುತ್ತದೆ; ಸುಗ್ಗಿ ಮುಗಿಸಿ ಬಂದರೂ ಆ ಮೆಟ್ಟಿಲು ಅಲ್ಲಿಯೇ ಇರುತ್ತದೆ. ಒಂದು ತಟ್ಟೆಯ ಸುತ್ತ ಶಿಕ್ಷಕರ ನೆರವು, ಇನ್ನೊಂದರಲ್ಲಿ ಓರಗೆಯವರ ನೆರವು, ಮತ್ತೊಂದರಲ್ಲಿ ಸ್ವಂತ ಕಲಿಕೆ. ಇಲ್ಲಿ ಬೆತ್ತಕ್ಕೆ ಜಾಗವಿಲ್ಲ, ಹೆಣ್ಣುಮಕ್ಕಳಿಗಿದೆ.

ಇನ್ನು ಅಜ್ಜನ ಮೊದಲ ತಕರಾರು. ರ, ಗ, ಸ, ದ, ಅ ಈ ಐದು ಅಕ್ಷರ ಕಲಿತೊಡನೆ ಮಗು ಅವನ್ನು ಜೋಡಿಸಿ ‘ಸರ’, ‘ಗರಗಸ’, ‘ಅರಸ’ ಎಂದು ಓದಬಲ್ಲದು. ಅ ಆ ಇ ಈ ಉ ಎಂಬ ಐದನ್ನು ಹೇಗೆ ಜೋಡಿಸಿದರೂ ಓದಲು ಒಂದು ಪದ ಸಿಗುವುದು ಕಷ್ಟ. ಅಜ್ಜ ಬೇಕಾದರೆ ಪ್ರಯತ್ನಿಸಿ ನೋಡಬಹುದು.